ಹಳೇ ಎನ್‌ಫೀಲ್ಡ್ ಕೋವಿಯ ಕಳೆದುಹೋದ ಸಣ್ಣ ಭಾಗ: ಹುಡುಕಿ ಕೊಳ್ಳುವುದೋ, ಎರಕ ಹೊಯ್ಯಿಸುವುದೋ, ಅರ ಹಿಡಿಯುವುದೋ?

ಒಂದೇ ಪ್ರಶ್ನೆ ಈಚೆಗೆ ಬೇರೆ ಬೇರೆ ಕಡೆಯಿಂದ ಬರುತ್ತಿದೆ. ಒಬ್ಬರ ಮನೆ ಮಡಿಕೇರಿ ಹತ್ತಿರ. ಅವರ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಮುತ್ತಜ್ಜನ ಕಾಲದ ಕೇಪಿನ ಕೋವಿ ಇದೆ. ಅದರ ಮರದ ತುದಿಯ ಹಿತ್ತಾಳೆ ಮೂತಿ ಕಳೆದುಹೋಗಿದೆ. ಇನ್ನೊಬ್ಬರು ಇಲ್ಲೇ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಹರಾಜಿನಲ್ಲಿ ಆಸೆಪಟ್ಟು ಒಂದು ಹಳೇ ಸ್ನೈಡರ್ ಕೋವಿ ಕೊಂಡರು. ಮನೆಗೆ ತಂದು ನೋಡಿದರೆ ನಳಿಗೆ ಬಿಗಿಯುವ ನಡುವಿನ ಬಳೆ ಇಲ್ಲ, ಎರಡು ಸ್ಕ್ರೂ ಇಲ್ಲ. ಮೂರನೆಯವರು ಬೆಂಗಳೂರಿನಲ್ಲಿ ಸ್ವಂತ ಲೇತ್ ಇಟ್ಟುಕೊಂಡವರು. "ನಾನೇ ಮಾಡಬಹುದಾ?" ಅಂತ ಅವರ ಪ್ರಶ್ನೆ.

ಹಳೇ ಭಾಗವನ್ನೇ ಹುಡುಕಬೇಕಾ? ಹೊಸದಾಗಿ ಮಾಡಿ ಮಾರುವ ಭಾಗ ಸಾಕಾ? ಎರಕ ಹೊಯ್ಯಿಸಬೇಕಾ? ಲೇತ್ ಅಂಗಡಿಗೆ ಕೊಡಬೇಕಾ? ಈಗ ತ್ರೀಡಿ ಪ್ರಿಂಟರ್ ಬೇರೆ ಬಂದಿದೆ. ನನ್ನ ಬಳಿ ಬ್ರಿಟಿಷ್ ಸೇನೆಯ 1853ರ ಮಾದರಿಯ ಎನ್‌ಫೀಲ್ಡ್ ಕೋವಿ ಇದೆ. ಕೊಂಡಾಗ ಅದರಲ್ಲಿ ಐದು ಸಣ್ಣ ಭಾಗ ಇರಲಿಲ್ಲ. ಆ ಐದನ್ನು ತುಂಬುವಷ್ಟರಲ್ಲಿ ಇಷ್ಟೂ ದಾರಿಗಳಲ್ಲಿ ಓಡಾಡಿದ್ದೇನೆ. ಹಣ ಕಳೆದುಕೊಂಡಿದ್ದೂ ಉಂಟು. ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೆರೆ

ಇಲ್ಲಿ ನಾನು ಹೇಳುವುದು ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ ಅಥವಾ ಪೂಜೆಯ ಹೊತ್ತಿಗೆ ಮಾತ್ರ ಕೆಳಗಿಳಿಯುವ ಕೋವಿಗಳ ವಿಷಯ. ಮದ್ದಿನ ಒತ್ತಡ ತಡೆಯುವ ಯಾವ ಭಾಗವೂ ಈ ಲೆಕ್ಕದಲ್ಲಿ ಇಲ್ಲ. ನಳಿಗೆ, ನಳಿಗೆಯ ಹಿಂಬದಿಯ ಬಿರಡೆ, ಕೇಪು ಕೂರುವ ನಿಪ್ಪಲ್, ಹಿಂದಿನಿಂದ ತೋಟಾ ಹಾಕುವ ಸ್ನೈಡರ್ ಅಥವಾ ಮಾರ್ಟಿನಿ ಕೋವಿಯ ಬಾಗಿಲು, ಟ್ರಿಗರ್ ಒತ್ತಿದಾಗ ಹಾರಿಸುವ ಯಂತ್ರವಾದ ಲಾಕಿನ ಒಳಗಿನ ಹಲ್ಲುಗಳು ಇವನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ. ತಪ್ಪಾದರೆ ಕಣ್ಣೋ ಬೆರಳೋ ಹೋಗುತ್ತದೆ. ಹಾರಿಸುವ ಆಸೆ ಇದ್ದವರು ಪರವಾನಗಿ ಇರುವ ಕೋವಿ ಕೆಲಸಗಾರರ ಬಳಿ ಹೋಗಬೇಕು. ಬ್ರಿಟನ್ನಿನಲ್ಲಾದರೆ ಪ್ರೂಫ್ ಹೌಸ್‌ನಲ್ಲಿ ಪರೀಕ್ಷೆಯೂ ಆಗಬೇಕು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದ ಇದೇ ಕೆಲಸಕ್ಕೆ ಇದೆ.

ಉಳಿಯುವುದು ಯಾವುವು? ನಳಿಗೆಯನ್ನು ಮರಕ್ಕೆ ಬಿಗಿಯುವ ಬಳೆಗಳು. ಮರದ ತುದಿಗೆ ಕೂರುವ ಹಿತ್ತಾಳೆ ಮೂತಿ. ಹೆಗಲ ಪಟ್ಟಿಯ ಕೊಂಡಿ. ಹಿಮ್ಮಡಿಯ, ಅಂದರೆ ಹೆಗಲಿಗೆ ಒತ್ತುವ ಹಿಂತುದಿಯ ತಗಡು. ನಳಿಗೆಯೊಳಗೆ ಮದ್ದು ಗಿಡಿಯುವ ಗಜ. ಲಾಕ್ ಹಿಡಿಯುವ ಎರಡು ಉದ್ದ ಸ್ಕ್ರೂ, ಅವುಗಳ ತಲೆ ಕೂರುವ ಹಿತ್ತಾಳೆ ಬಟ್ಟಲು. ಹಳೇ ಕೋವಿಗಳಲ್ಲಿ ಸಾಮಾನ್ಯವಾಗಿ ಕಳೆದುಹೋಗುವುದೂ ಇವೇ.

ಕಾನೂನು ಸ್ವಲ್ಪ ಗಮನಿಸಿ. ಬ್ರಿಟನ್ನಿನಲ್ಲಿ ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ 1968ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಪುರಾತನ ಅಂದರೆ ಯಾವುದು ಎಂಬುದನ್ನು 2021ರ ನಿಯಮಗಳು ಬಿಡಿಸಿ ಹೇಳಿವೆ. ಹಾರಿಸುವ ಉದ್ದೇಶ ಬಂದ ಕ್ಷಣ ಆ ವಿನಾಯಿತಿ ಹೋಗುತ್ತದೆ. ಭಾರತದಲ್ಲಿ 1959ರ ಆಯುಧ ಕಾಯ್ದೆ ಇನ್ನೂ ಬಿಗಿ. ಕೋವಿ ತಯಾರಿಸುವುದಕ್ಕೆ ಮಾತ್ರ ಅಲ್ಲ, ರಿಪೇರಿ ಮಾಡಿಕೊಡುವ ಅಂಗಡಿಗೂ ಪರವಾನಗಿ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ಹಳೇ ಪದ್ಧತಿಯ ಜಮೀನು ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿನಾಯಿತಿ. ಪಕ್ಕದ ಲೇತ್ ಅಂಗಡಿಗೆ ಕೋವಿಯನ್ನೇ ಹೊತ್ತುಕೊಂಡು ಹೋಗಿ ಕೊಟ್ಟುಬರುವುದು ಬೇರೆ ಮಾತು. ಅದು ಬೇಡ. ಪರವಾನಗಿ ಇರುವವರನ್ನೇ ಕೇಳಿ. ಹೊರದೇಶದಿಂದ ಭಾಗ ತರಿಸುವ ಮೊದಲು ಕಸ್ಟಮ್ಸ್ ನಿಯಮವನ್ನೂ ವಿಚಾರಿಸಿ.

ಆರಿಸುವ ಮೊದಲು ಏನೇನು ನೋಡಬೇಕು

ಬೆಲೆ ಆಮೇಲೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ನಿಮ್ಮ ಕೋವಿ ಎಲ್ಲಿ ಹುಟ್ಟಿದ್ದು ಎಂಬುದನ್ನು. ಇದನ್ನು ಬಿಟ್ಟವರು ದುಡ್ಡು ಕಳೆದುಕೊಳ್ಳುತ್ತಾರೆ. ನಾನೂ ಕಳೆದುಕೊಂಡೆ.

1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಅಮೆರಿಕದ ವರ್ಮಾಂಟ್‌ನಿಂದ ರಾಬಿನ್ಸ್ ಅಂಡ್ ಲಾರೆನ್ಸ್ ಎಂಬ ಸಂಸ್ಥೆ ಕೆಲವು ರೈಫಲ್‌ಗಳನ್ನು ತಂದಿತ್ತು. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿದರೆ ಸರಿಯಾಗಿ ಕೂರುತ್ತಿತ್ತು. ಇಂದು ನಮಗೆ ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಆಗಿನ ಇಂಗ್ಲೆಂಡಿನಲ್ಲಿ ಪ್ರತಿ ಕೋವಿಯನ್ನೂ ಕೈಯಲ್ಲಿ ಅರ ಹಾಕಿ ಹೊಂದಿಸುತ್ತಿದ್ದರು. ಸರ್ಕಾರ ಅಮೆರಿಕಕ್ಕೆ ಜನ ಕಳಿಸಿ ಯಂತ್ರಗಳನ್ನು ತರಿಸಿತು. ಲಂಡನ್ ಹತ್ತಿರ ಎನ್‌ಫೀಲ್ಡ್ ಲಾಕ್ ಎಂಬ ಊರಿನಲ್ಲಿದ್ದ ಸರ್ಕಾರಿ ಕಾರ್ಖಾನೆ 1850ರ ದಶಕದ ಕೊನೆಗೆ ಒಂದೇ ಅಳತೆಯ ಭಾಗಗಳನ್ನು ತಯಾರಿಸತೊಡಗಿತು. ಲಂಡನ್ ಆರ್ಮರಿ ಕಂಪನಿಯೂ ಅದೇ ದಾರಿ ಹಿಡಿಯಿತು.

ಬರ್ಮಿಂಗ್‌ಹ್ಯಾಮ್ ಮಾತ್ರ ಹಳೇ ಪದ್ಧತಿಯಲ್ಲೇ ಇತ್ತು. ಅಲ್ಲಿ ಲಾಕ್ ಮಾಡುವವರೇ ಬೇರೆ, ನಳಿಗೆಯವರೇ ಬೇರೆ, ಮರ ಕೆತ್ತುವವರೇ ಬೇರೆ. ಕೊನೆಗೆ ಒಬ್ಬ ಕೂತು ಎಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತಿದ್ದ. ಯಾವ ಸ್ಕ್ರೂ ಯಾವ ತೂತಿಗೆ ಅಂತ ಸಣ್ಣ ಗೀರು ಹಾಕಿಡುತ್ತಿದ್ದ. ನೋಡಲು ಎರಡೂ ಒಂದೇ: .577 ಅಂಗುಲದ ಬಾಯಿ, 39 ಅಂಗುಲದ ನಳಿಗೆ, ಮೂರು ಬಳೆ. ಆದರೆ ಬರ್ಮಿಂಗ್‌ಹ್ಯಾಮ್ ಕೋವಿಯ ಬಳೆ ಆ ಒಂದು ಕೋವಿಗೆ ಮಾತ್ರ ಸೇರಿದ್ದು.

ಹಾಗಾಗಿ ಲಾಕಿನ ಮೇಲೆ ಏನು ಬರೆದಿದೆ ನೋಡಿ. ಇಸವಿಯ ಜೊತೆ ಎನ್‌ಫೀಲ್ಡ್ ಎಂದಿದ್ದು 1850ರ ದಶಕದ ಕೊನೆಯ ಅಥವಾ ಆಮೇಲಿನದಾದರೆ ಯಂತ್ರದ ಅಳತೆ. ಎಲ್.ಎ.ಕೋ. (ಲಂಡನ್ ಆರ್ಮರಿ ಕಂಪನಿ) ಎಂದಿದ್ದರೂ ಹಾಗೇ. ಟವರ್ ಎಂದಿದ್ದರೆ ಹೆಚ್ಚಾಗಿ ಗುತ್ತಿಗೆದಾರರ ಕೈಕೆಲಸ. ವಾಯವ್ಯ ಗಡಿಯ ಬಜಾರುಗಳಲ್ಲಿ ಮಾಡಿದ ನಕಲು ಕೋವಿಗಳೂ ಬೇಕಾದಷ್ಟಿವೆ. ಅವಕ್ಕೆ ಅಳತೆಪಟ್ಟಿ ಅನ್ನುವುದೇ ಇಲ್ಲ, ಪ್ರತಿಯೊಂದನ್ನೂ ಹೊಸದಾಗಿ ಅಳೆಯಬೇಕು.

ಎರಡನೆಯದು ನನ್ನ ಮಟ್ಟಿಗೆ ಬಿಡಲಾಗದ ನಿಯಮ. ಕೋವಿಗೆ ತಕ್ಕಂತೆ ಭಾಗವನ್ನು ತಿದ್ದಬೇಕು. ಭಾಗಕ್ಕೆ ತಕ್ಕಂತೆ ಕೋವಿಯನ್ನು ತಿದ್ದಬಾರದು. ಹೊಸ ಸ್ಕ್ರೂ ಕೂರಲಿಲ್ಲ ಅಂತ ಹಳೇ ತೂತಿನಲ್ಲಿ ತಿರುಪು ಕೊರೆಯುವ ಟ್ಯಾಪ್ ಓಡಿಸಿದರೆ 160 ವರ್ಷದ ಥ್ರೆಡ್, ಅಂದರೆ ತಿರುಪಿನ ಸುತ್ತು, ಹೋಯಿತು. ಬಳೆ ಬಿಗಿ ಅಂತ ಮರ ತೀಡಿದರೆ ಅದೂ ಹೋಯಿತು. ನಾಳೆ ನಿಜವಾದ ಹಳೇ ಭಾಗ ಸಿಕ್ಕರೆ ಅದಕ್ಕೆ ಜಾಗ ಇರಬೇಕು, ಅಲ್ವಾ?

ಮೂರನೆಯದು ಲೋಹ ಮತ್ತು ಮೇಲಿನ ಬಣ್ಣ. ನಾಲ್ಕನೆಯದು ಕೈಗೆ ಸಿಗುವ ಸಲಕರಣೆ ಮತ್ತು ಸಮಯ. ಬೆಲೆ ಇವೆಲ್ಲ ಆದ ಮೇಲೆ ಬರುತ್ತದೆ.

ಹಳೇ ಭಾಗವನ್ನೇ ಹುಡುಕುವುದು

ಸಿಕ್ಕರೆ ಇದಕ್ಕಿಂತ ಒಳ್ಳೆಯದಿಲ್ಲ. ಅದೇ ಕಾಲದ ಕಬ್ಬಿಣ, ಅದೇ ಸವೆತ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಲಕ್ಷಗಟ್ಟಲೆ ಎನ್‌ಫೀಲ್ಡ್ ಕೊಂಡಿದ್ದರು. ಹಾಗಾಗಿ ಇವತ್ತಿಗೂ ಬಿಡಿಭಾಗಗಳು ಅಲ್ಲಿ ಜಾಸ್ತಿ ಓಡಾಡುತ್ತವೆ. ಇನ್ನೊಂದು ದೊಡ್ಡ ಮೂಲ ನೇಪಾಳ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಅರಮನೆಯಲ್ಲಿದ್ದ ಹಳೇ ಕೋವಿಗಳ ರಾಶಿಯನ್ನು ಅಮೆರಿಕದ ಎರಡು ಸಂಸ್ಥೆಗಳು ಸೇರಿ ಕೊಂಡವು. ಎನ್‌ಫೀಲ್ಡ್, ಸ್ನೈಡರ್, ಮಾರ್ಟಿನಿ ಹೆನ್ರಿ ಎಲ್ಲ ಅದರಲ್ಲಿದ್ದವು. ಮಾರ್ಟಿನಿ ಇಟ್ಟುಕೊಂಡವರಿಗೆ ಅದರಿಂದ ತುಂಬ ಅನುಕೂಲವಾಯಿತು.

ಸ್ನೈಡರ್ ಇದ್ದವರಿಗೆ ಒಂದು ಮಾತು. ಮೊದಮೊದಲ ಸ್ನೈಡರ್‌ಗಳು ಹೊಸ ಕೋವಿಗಳಲ್ಲ. 1860ರ ದಶಕದಲ್ಲಿ ಹಳೇ ಎನ್‌ಫೀಲ್ಡ್‌ಗಳ ಹಿಂಬದಿ ಕತ್ತರಿಸಿ, ತೋಟಾ ಹಾಕುವ ಬಾಗಿಲು ಕೂರಿಸಿ ಮಾಡಿದ್ದು. ಬಳೆ, ಮೂತಿ, ಹಿಮ್ಮಡಿ ಎಲ್ಲ ಹಳೆಯವೇ. ಹಾಗಾಗಿ ಸ್ನೈಡರ್ ಎಂಬ ಹೆಸರಿನಲ್ಲಿ ಮಾತ್ರ ಹುಡುಕುತ್ತಾ ಕೂರಬೇಡಿ. 1853ರ ಮಾದರಿಯ ಭಾಗವನ್ನೂ ಹುಡುಕಿ.

ತೊಂದರೆ ಎಲ್ಲಿ? ನನ್ನ ಕೋವಿಗೆ ನಡುವಿನ ಬಳೆ ಬೇಕಿತ್ತು. ಒಂದು ಆಯುಧ ಸಂತೆಯಲ್ಲಿ ಚಂದದ ಹಳೇ ಬಳೆ ಸಿಕ್ಕಿತು. ಮಾರುವವರು "ಇದು ಎಲ್ಲಾ ಎನ್‌ಫೀಲ್ಡ್‌ಗೂ ಆಗುತ್ತೆ" ಅಂದರು. ನಂಬಿದೆ. ಮನೆಗೆ ತಂದು ಹಾಕಿದರೆ ಕೂರಬೇಕಾದ ಜಾಗಕ್ಕಿಂತ ಎರಡು ಬೆರಳು ಮುಂದೆಯೇ ನಿಂತಿತು. ಅದು ಎನ್‌ಫೀಲ್ಡ್ ಕಾರ್ಖಾನೆಯ ಬಳೆ, ನನ್ನದು ಬರ್ಮಿಂಗ್‌ಹ್ಯಾಮ್ ಕೋವಿ. ಮರದ ಮೇಲೆ ನಾಲ್ಕು ಸಲ ಅರ ಆಡಿಸಿದ್ದರೆ ಕೂರುತ್ತಿತ್ತು. ಅರ ಕೈಯಲ್ಲೇ ಇತ್ತು. ಆಮೇಲೆ ಕೆಳಗಿಟ್ಟೆ.

ಇನ್ನೊಂದು ಎಚ್ಚರ ಬಳೆಗಳಲ್ಲೇ. ಕೊನೆಯ ಮಾದರಿಗಳಲ್ಲಿ ಬ್ಯಾಡ್ಲಿ ಎಂಬ ಹೆಸರಿನ ಬಳೆ ಬಂತು. ಅದರಲ್ಲಿ ಸ್ಕ್ರೂ ತಲೆ ಒಳಗೆ ಹುದುಗಿ ಅಂಚು ನುಣುಪಾಗಿರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಸ್ಕ್ರೂ ಹೊರಗೆ ಕಾಣುತ್ತದೆ. ಒಂದೇ ಕೋವಿಯಲ್ಲಿ ಎರಡು ಬಗೆ ಸೇರಿಸಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಬೆಲೆ ಈ ದಾರಿಯಲ್ಲೇ ಜಾಸ್ತಿ. ಕಾಯುವುದಕ್ಕೂ ಕೊನೆಯಿಲ್ಲ. ಯಂತ್ರದ ಅಳತೆಯ ಕೋವಿ ಇದ್ದವರಿಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕೈಕೆಲಸದ ಕೋವಿ ಇದ್ದವರು ಒಳ ಅಳತೆ ಕೇಳದೆ ಕೊಳ್ಳಬೇಡಿ. ಅಳತೆ ಹೇಳಲು ಒಪ್ಪದವರ ಬಳಿ ವ್ಯವಹಾರವೇ ಬೇಡ.

ಹೊಸದಾಗಿ ಮಾಡಿ ಮಾರುವ ಸಿದ್ಧ ಭಾಗ

ಇಟಲಿಯಲ್ಲಿ ಎನ್‌ಫೀಲ್ಡ್‌ನ ಹೊಸ ನಕಲುಗಳನ್ನು ತಯಾರಿಸುತ್ತಾರೆ. ಅವುಗಳ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಆದರೆ ಅವು ಆ ನಕಲು ಕೋವಿಗಳಿಗೆ ಮಾಡಿದವು. ಥ್ರೆಡ್ ಬೇರೆ ಇರಬಹುದು, ಬಾಗು ಬೇರೆ ಇರಬಹುದು. ಮೇಲಿನ ಕಪ್ಪು ಬಣ್ಣ ಹೊಳೆಯುತ್ತದೆ. ಹಳೇ ಕೋವಿಯ ಮೇಲೆ ಅದು ಹೊಸ ಗುಂಡಿ ಹೊಲಿದ ಹಳೇ ಕೋಟಿನಂತೆ ಕಾಣುತ್ತದೆ.

ಗಜಕ್ಕೆ ಮಾತ್ರ ನಾನು ಇದನ್ನೇ ಆರಿಸಿದೆ, ಈಗಲೂ ಅದನ್ನೇ ಹೇಳುತ್ತೇನೆ. ಗಜ ಅಂದರೆ ಸುಮಾರು ಒಂದು ಮೀಟರ್ ಉದ್ದದ ಉಕ್ಕಿನ ಕಡ್ಡಿ. ಸಣ್ಣ ಲೇತ್‌ನಲ್ಲಿ ಅಷ್ಟುದ್ದದ ತೆಳು ಕಡ್ಡಿಯನ್ನು ನೇರವಾಗಿ ತಿರುಗಿಸುವುದು ಕಷ್ಟ, ನಡುವೆ ಕುಣಿಯುತ್ತದೆ. ಹಳೇ ಗಜ ಕೊಳ್ಳೋಣ ಅಂದರೆ ಅರ್ಧದಷ್ಟು ಮೊಂಡಾಗಿವೆ. ಹೊಸ ಗಜ ತಂದು, ಹೊಳಪು ತೆಗೆದು, ತುದಿಯ ಥ್ರೆಡ್ ಹೊಂದದಿದ್ದರೆ ಸುಮ್ನೆ ಜಾರಿಸಿ ಇಟ್ಟರೆ ಸಾಕು. ಗೋಡೆಯ ಮೇಲಿನ ಕೋವಿಯಿಂದ ಅದು ಎಲ್ಲಿಗೂ ಬೀಳುವುದಿಲ್ಲ.

ಎರಕ

ಮೂತಿ, ಟ್ರಿಗರ್ ಗಾರ್ಡ್, ಹಿಮ್ಮಡಿ ತಗಡು ಇಂಥ ಹಿತ್ತಾಳೆ ಭಾಗಗಳಿಗೆ ಎರಕವೇ ಸಹಜವಾದ ದಾರಿ. ಮೂಲದಲ್ಲೂ ಅವು ಎರಕದವೇ. ಬ್ರಿಟನ್ ಮತ್ತು ಅಮೆರಿಕದಲ್ಲಿ ಹಳೇ ಕೋವಿಗಳ ಎರಕದ ಭಾಗಗಳನ್ನೇ ಮಾರುವ ಅಂಗಡಿಗಳಿವೆ. ಒರಟಾಗಿ ಬರುತ್ತವೆ, ಲೋಹ ಹರಿದ ಮೊಳಕೆಯೂ ಅಂಟಿಕೊಂಡೇ ಇರುತ್ತದೆ. ಕತ್ತರಿಸಿ, ಅರ ಹಾಕಿ, ನುಣುಪು ಮಾಡುವುದು ನಿಮ್ಮ ಕೆಲಸ. ಅರ ಹಿಡಿದು ಅಭ್ಯಾಸವಿಲ್ಲದವರಿಗೂ ಹಿತ್ತಾಳೆ ಕಲಿಸಿಕೊಡುತ್ತದೆ, ಮೆತ್ತಗಿದೆ.

ನೀವೇ ಎರಕ ಹೊಯ್ಯಿಸಬಹುದಾ? ಹೌದು. ಕರ್ನಾಟಕದಲ್ಲಿದ್ದರೆ ಇದು ನಿಮಗೆ ನನಗಿಂತ ಸುಲಭ. ಮೇಣದಲ್ಲಿ ಮಾದರಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುವ ಕೆಲಸ ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಇದೆ. ನಾಗಮಂಗಲದ ಲೋಹದ ಕೆಲಸ ಕೇಳದವರು ಯಾರು? ಹಿತ್ತಾಳೆ ಮೂತಿ ಮಾತ್ರ ಕೈಯಲ್ಲಿ ಹಿಡಿದು ಹೋದರೆ ಅದು ಒಂದು ಹಿತ್ತಾಳೆ ತುಂಡು, ಅಷ್ಟೇ.

ಆದರೆ ಲೋಹ ಕುಗ್ಗುವುದನ್ನು ಮರೆಯಬೇಡಿ. ಹಳೇ ಭಾಗವನ್ನೇ ಅಚ್ಚು ತೆಗೆದು ಎರಕ ಹೊಯ್ದರೆ ಬರುವುದು ಅದಕ್ಕಿಂತ ಸಣ್ಣದು. ಲೋಹ ಆರುವಾಗ ಕುಗ್ಗುತ್ತದೆ, ಮೇಣವೂ ಸ್ವಲ್ಪ ಕುಗ್ಗುತ್ತದೆ. ನೂರಕ್ಕೆ ಎರಡು ಅಂದುಕೊಂಡರೂ 120 ಮಿಲಿಮೀಟರ್ ಉದ್ದದ ಹಿಮ್ಮಡಿ ತಗಡು 2 ಮಿಲಿಮೀಟರಿಗಿಂತ ಜಾಸ್ತಿ ಗಿಡ್ಡವಾಗುತ್ತದೆ. ಸ್ಕ್ರೂ ತೂತುಗಳೂ ಸರಿದುಹೋಗುತ್ತವೆ. ಆಗ ಮರದಲ್ಲಿ ಹೊಸ ತೂತು ಕೊರೆಯುವ ಯೋಚನೆ ಬರುತ್ತದೆ. ಅದೇ ಆಗಬಾರದ್ದು. ತೂತುಗಳನ್ನು ಎರಕದಲ್ಲಿ ಬಿಡಿಸಬೇಡಿ, ತಗಡು ಕೂರಿಸಿದ ಮೇಲೆ ಮರದ ತೂತಿಗೆ ನೇರವಾಗಿ ಗುರುತು ಹಾಕಿ ಲೋಹದಲ್ಲಿ ಕೊರೆಯಿರಿ. ಮಾದರಿಯ ಅಂಚುಗಳಿಗೆ ಮೇಣ ಸವರಿ ಸ್ವಲ್ಪ ದಪ್ಪ ಮಾಡಿಕೊಂಡರೆ ತೀಡಲು ಲೋಹ ಉಳಿಯುತ್ತದೆ.

ನನ್ನ ಮೂತಿಯನ್ನು ಇಲ್ಲಿಯ ಒಂದು ಎರಕದ ಮನೆಗೆ ಕೊಟ್ಟೆ. ಮೊದಲ ಸಲ ಬಂದದ್ದು ಕೆಂಪು ಕೆಂಪು. ಅವರು ಹಿತ್ತಾಳೆಯ ಬದಲು ಕಂಚಿನ ಬಗೆಯ ಲೋಹ ಹೊಯ್ದಿದ್ದರು. ಅವರ ತಪ್ಪು ಅಂತ ಪೂರ್ತಿ ಹೇಳಲಾರೆ, ನಾನೂ ಬಾಯಿಬಿಟ್ಟು ಕೇಳಿರಲಿಲ್ಲ. ತಾಮ್ರ ಜಾಸ್ತಿಯಾದಷ್ಟೂ ಕೆಂಪು, ಸತು ಜಾಸ್ತಿಯಾದಷ್ಟೂ ಹಳದಿ. ನಿಮ್ಮ ಕೋವಿಯ ಉಳಿದ ಹಿತ್ತಾಳೆಯ ಒಂದು ಮೂಲೆಯನ್ನು ಮೃದು ಬಟ್ಟೆಯಲ್ಲಿ ಒರೆಸಿ, ಅದರ ಪಕ್ಕ ಲೋಹದ ತುಂಡು ಇಟ್ಟು ಬಣ್ಣ ಒಪ್ಪಿದ ಮೇಲೆ ಹೊಯ್ಯಿಸಿ.

ಹೊಸ ಹಿತ್ತಾಳೆಗೆ ಹಳೇ ಬಣ್ಣ ಬರಿಸಲು ಅಮೋನಿಯಾ ಹೊಗೆಯಲ್ಲಿ ಇಡಿ ಅಂತ ಹಲವರು ಹೇಳುತ್ತಾರೆ. ಗಟ್ಟಿ ಎರಕದ ತುಂಡಿಗೆ ಅಷ್ಟು ಅಪಾಯ ಇಲ್ಲ. ಬಡಿದು, ಬಾಗಿಸಿ ಮಾಡಿದ ತೆಳು ಹಿತ್ತಾಳೆಗೆ ಮಾತ್ರ ಇದು ಬೇಡ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮಳೆಗಾಲದಲ್ಲಿ ಕುದುರೆ ಲಾಯಗಳ ಹತ್ತಿರ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ ಮತ್ತು ಹಿತ್ತಾಳೆಯೊಳಗೆ ಉಳಿದ ಬಿಗಿತ ಸೇರಿ ಹಾಗಾಗುತ್ತದೆ ಎಂದು ವಿವರಣೆ ಸಿಕ್ಕಿದ್ದು 1921ರಲ್ಲಿ. ನಾನು ನನ್ನ ಮೂತಿಯನ್ನು ಏನೂ ಮಾಡದೆ ಬಿಟ್ಟೆ. ಎರಡು ವರ್ಷದಲ್ಲಿ ತಾನೇ ಮಂಕಾಯಿತು.

ಕಬ್ಬಿಣದ ಬಳೆಗೂ ಉಕ್ಕಿನ ಎರಕ ಸಿಗುತ್ತದೆ. ತೀಡುವುದು ಹಿತ್ತಾಳೆಗಿಂತ ಕಷ್ಟ. ಆದರೆ ಕೈಕೆಲಸದ ಕೋವಿ ಇದ್ದವರಿಗೆ ಇದರಲ್ಲೊಂದು ದೊಡ್ಡ ಅನುಕೂಲ ಇದೆ. ಒಳಗಡೆ ಲೋಹ ಜಾಸ್ತಿ ಇರುವುದರಿಂದ ನಿಮ್ಮ ಕೋವಿಗೆ ಎಷ್ಟು ಬೇಕೋ ಅಷ್ಟೇ ತೆಗೆಯಬಹುದು. ಹಳೇ ಬಳೆ ಸೋತ ಜಾಗದಲ್ಲಿ ಕೊನೆಗೆ ನನಗೆ ಒದಗಿದ್ದು ಒರಟು ಎರಕದ ಬಳೆಯೇ. ಎರಡು ಭಾನುವಾರ ಹಿಡಿಯಿತು. ನಳಿಗೆಗೆ ದೀಪದ ಮಸಿ ಸವರಿ, ಬಳೆ ಹಾಕಿ ತೆಗೆದು, ಮಸಿ ಅಂಟಿದ ಕಡೆ ಮಾತ್ರ ತೀಡುವುದು. ಮತ್ತೆ ಹಾಕುವುದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅದನ್ನು ಮೊದಲು ಹೊಂದಿಸಿದವನೂ ಹೀಗೇ ಕೂತಿರಬೇಕು.

ಲೇತ್ ಮತ್ತು ಸ್ಕ್ರೂಗಳ ಕಥೆ

ಇಂಗ್ಲಿಷ್ ಕೋವಿ ಕೆಲಸಗಾರರು ಲಾಕ್ ಹಿಡಿಯುವ ಸ್ಕ್ರೂವನ್ನು ಸ್ಕ್ರೂ ಅನ್ನುತ್ತಿರಲಿಲ್ಲ. ಅವರ ಬಾಯಲ್ಲಿ ಅದು ಸೈಡ್ ನೇಲ್, ಅಂದರೆ ಪಕ್ಕದ ಮೊಳೆ. ನಾವು ತಿರುಪು ಮೊಳೆ ಅನ್ನುವುದಿಲ್ಲವೇ, ಹಾಗೇ.

ಈ ಮೊಳೆಗಳನ್ನು ಹಾರ್ಡ್‌ವೇರ್ ಅಂಗಡಿಯ ಸ್ಕ್ರೂವಿನಿಂದ ತುಂಬಲು ಹೋಗಬೇಡಿ. ಇಂದಿನ ಮೆಟ್ರಿಕ್ ಥ್ರೆಡ್‌ನ ಕೋನ 60 ಡಿಗ್ರಿ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಬ್ರಿಟಿಷ್ ಥ್ರೆಡ್‌ನದು 55. ಕೋವಿ ಕಾರ್ಖಾನೆಗಳಿಗೆ ಅವುಗಳದ್ದೇ ಬೇರೆ ಥ್ರೆಡ್ ಇದ್ದವು. ಹತ್ತಿರದ ಅಳತೆಯ ಸ್ಕ್ರೂ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಮೂರನೇ ಸುತ್ತಿಗೆ ಒಳಗಿನ ಹಳೇ ಥ್ರೆಡ್ ಕಡಿಯಲು ಶುರು.

ಎರಡು ಮೊಳೆಗಳಲ್ಲಿ ಒಂದು ಉಳಿದಿದ್ದರೆ ಪುಣ್ಯ. ಅದನ್ನು ತೆಗೆದು ಥ್ರೆಡ್ ಗೇಜ್‌ನಿಂದ ಅಳೆಯಿರಿ, ವರ್ನಿಯರ್‌ನಿಂದ ದಪ್ಪ ನೋಡಿ. ಉದ್ದ ಬೇರೆ ಇರಬಹುದು, ಅದನ್ನು ತೂತಿನಿಂದಲೇ ತಿಳಿಯಿರಿ. ಎರಡೂ ಇಲ್ಲದಿದ್ದರೆ ತೂತಿಗೆ ಸ್ವಲ್ಪ ಎಣ್ಣೆ ಸವರಿ, ಅಚ್ಚು ತೆಗೆಯುವ ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ತಿರುಗಿಸಿ ತೆಗೆಯಿರಿ. ಥ್ರೆಡ್‌ನ ಅಚ್ಚು ಸಿಗುತ್ತದೆ. ಲಾಕ್ ತಟ್ಟೆಯನ್ನು ಬಿಚ್ಚಿ ಮರದಿಂದ ಬೇರೆ ಮಾಡಿಕೊಂಡೇ ಇದನ್ನು ಮಾಡಿ. ಇಲ್ಲದಿದ್ದರೆ ಸಿಲಿಕೋನ್ ಮರಕ್ಕೆ ಹತ್ತುತ್ತದೆ.

ಆ ಅಳತೆ ಹಿಡಿದು ಲೇತ್‌ನಲ್ಲಿ ಒಂದೇ ಮೊನೆಯ ಉಳಿಯಿಂದ ಥ್ರೆಡ್ ಕಡಿಸಬೇಕು. ಯಾವ ವಿಚಿತ್ರ ಅಳತೆಯೂ ಅದರಲ್ಲಿ ಬರುತ್ತದೆ. ಗೇರ್ ಬದಲಿಸಲು ತಿಳಿದ ಹಳೇ ಟರ್ನರ್ ಒಬ್ಬರಿದ್ದರೆ ಇದು ಅರ್ಧ ದಿನದ ಕೆಲಸ. ಕಂಪ್ಯೂಟರ್ ಹೇಳಿದಂತೆ ಕಡಿಯುವ ದುಬಾರಿ ಸಿ.ಎನ್.ಸಿ. ಯಂತ್ರಕ್ಕೆ ಹೋಗುವ ಅಗತ್ಯ ಇಲ್ಲ. ಒಂದು ಸ್ಕ್ರೂವಿಗೆ ಪ್ರೋಗ್ರಾಂ ಬರೆಯುವ ಖರ್ಚಿನಲ್ಲಿ ಟರ್ನರ್ ನಾಲ್ಕು ಮಾಡಿಕೊಡುತ್ತಾರೆ. ಹತ್ತಾರು ಜನ ಸೇರಿ ಒಂದೇ ಭಾಗ ಮಾಡಿಸುವಾಗ ಮಾತ್ರ ಸಿ.ಎನ್.ಸಿ. ಲಾಭ. ಸಾಧಾರಣ ಮೆದು ಉಕ್ಕು ಸಾಕು, ಗಟ್ಟಿ ಮಿಶ್ರಲೋಹ ಬೇಡ. ಬಲ ಬಿದ್ದರೆ ಹೊಸ ಸ್ಕ್ರೂವೇ ಸವೆಯಲಿ, ಹಳೇ ಲಾಕ್ ತಟ್ಟೆ ಬೇಡ.

ತಲೆಯ ಸೀಳು ಕಿರಿದಾಗಿರಲಿ. ಹಳೇ ಸ್ಕ್ರೂಗಳ ಸೀಳು ಇಂದಿನದಕ್ಕಿಂತ ತೆಳು. ಅಗಲ ಸೀಳಿನ ಸ್ಕ್ರೂ ಹತ್ತು ಅಡಿ ದೂರದಿಂದಲೂ ಹೊಸದು ಅಂತ ಗೊತ್ತಾಗುತ್ತದೆ. ಬಣ್ಣಕ್ಕೆ ನಿಧಾನದ ದಾರಿಯೇ ಸರಿ: ತುಕ್ಕು ಹಿಡಿಸುವುದು, ಕುದಿಸುವುದು, ಉಜ್ಜುವುದು, ಮತ್ತೆ ತುಕ್ಕು ಹಿಡಿಸುವುದು. ನಾಲ್ಕೈದು ಸಲ ಆದರೆ ಹಳೇ ಕಬ್ಬಿಣದ ಮಂದ ನೀಲಿ ಬರುತ್ತದೆ. ಬಾಟಲಿಯಲ್ಲಿ ಸಿಗುವ ತಕ್ಷಣದ ನೀಲಿ ಸವರಿದರೆ ತಿಂಗಳಲ್ಲಿ ಕಂದು ಕಲೆ.

ಬೆಂಗಳೂರಿನ ಆ ಗೆಳೆಯರಿಗೆ ನನ್ನ ಉತ್ತರ ಇದು. ಸ್ಕ್ರೂ, ಬಟ್ಟಲುಗಳ ಮಟ್ಟಿಗೆ ನಿಮ್ಮ ಲೇತ್‌ಗಿಂತ ಒಳ್ಳೆಯ ದಾರಿ ಇಲ್ಲ. ಕೈಹಾಕುವ ಮೊದಲು ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಕೋವಿ ತೋರಿಸಿ, ಏನು ಮಾಡಬಹುದು ಅಂತ ಕೇಳಿಕೊಳ್ಳಿ.

ಬರೀ ಅರ ಮತ್ತು ಕೈ

ಹೆಗಲ ಪಟ್ಟಿಯ ಕೊಂಡಿಯನ್ನು ನಾನು ಒಂದು ಮೆದು ಉಕ್ಕಿನ ಕಡ್ಡಿಯಿಂದ ಮಾಡಿದೆ. ಕೆಂಪಗೆ ಕಾಯಿಸಿ, ಮರದ ಅಚ್ಚಿಗೆ ಬಾಗಿಸಿ, ತುದಿಗಳನ್ನು ಬಡಿದು ಚಪ್ಪಟೆ ಮಾಡಿ, ಅರದಿಂದ ಕಣ್ಣು ಬಿಡಿಸಿದೆ. ಮೂರು ಕೊಂಡಿ ಕೆಟ್ಟವು. ನಾಲ್ಕನೆಯದು ಕೂತಿತು. ಖರ್ಚು ಏನೂ ಇಲ್ಲ ಅಂದರೂ ನಡೆಯುತ್ತದೆ. ಸಮಯ ಇದ್ದು ಹಣ ಇಲ್ಲದವರಿಗೆ ಕೊಂಡಿ, ವಾಷರ್, ಸಣ್ಣ ಪಿನ್ನುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಳೆ, ಮೂತಿಗಳಿಗೆ ಬೇಡ, ಬೇಸತ್ತು ಬಿಡುತ್ತೀರಿ.

ತ್ರೀಡಿ ಪ್ರಿಂಟ್

ಕೊನೆಯ ಭಾಗವಾಗಿ ಇದು ಬೇಡ. ಅಳತೆ ನೋಡುವ ಸಲಕರಣೆಯಾಗಿ ಬೇಕೇ ಬೇಕು. ಸಾಮಾನ್ಯ ಪಿ.ಎಲ್.ಎ. ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿಲು ಬೀಳುವ ಗಾಜಿನ ಪೆಟ್ಟಿಗೆಯೊಳಗೆ ಅದಕ್ಕೆ ಭರವಸೆ ಇಲ್ಲ. ಆದರೆ ಬಳೆಯ ಪ್ಲಾಸ್ಟಿಕ್ ಮಾದರಿ ಮಾಡಿ ಕೋವಿಗೆ ತೊಡಿಸಿ ನೋಡಿದರೆ ಅಳತೆ ಸರಿಯಿದೆಯೇ ಎಂಬುದು ಲೋಹ ಮುಟ್ಟುವ ಮೊದಲೇ ತಿಳಿಯುತ್ತದೆ. ಮರಕ್ಕೆ ಗೀರೂ ಬೀಳುವುದಿಲ್ಲ. ಆ ಮಾದರಿಯನ್ನು ನೂರಕ್ಕೆ ಎರಡರಷ್ಟು ಹಿಗ್ಗಿಸಿ ಮತ್ತೆ ಪ್ರಿಂಟ್ ಮಾಡಿದರೆ ಎರಕಕ್ಕೆ ಕೊಡುವ ಮಾದರಿಯೂ ಸಿದ್ಧ. ಕುಗ್ಗುವ ತೊಂದರೆಗೆ ನಾನು ಕಂಡ ಅತ್ಯಂತ ಸುಲಭ ಪರಿಹಾರ ಇದೇ. ಲೋಹವನ್ನೇ ಪ್ರಿಂಟ್ ಮಾಡಿಕೊಡುವವರೂ ಇದ್ದಾರೆ. ಒಂದು ಬಳೆಗೆ ಅಷ್ಟು ದುಡ್ಡು ಸುರಿಯಬೇಕಾ ಅನ್ನಿಸುತ್ತದೆ. ಮೇಲ್ಮೈ ಒರಟಾಗಿ ಬರುವುದರಿಂದ ಅರ ಹಿಡಿಯುವುದು ಹೇಗೂ ತಪ್ಪುವುದಿಲ್ಲ.

ಖಾಲಿ ಬಿಡುವುದು

ಇದೂ ಒಂದು ಆಯ್ಕೆ, ಹಲವರಿಗೆ ಇದೇ ಸರಿ. ಮಡಿಕೇರಿಯವರ ಪ್ರಶ್ನೆಗೆ ನಾನು ಮೊದಲು ಕೇಳಿದ್ದು, "ಮೂತಿ ಯಾವಾಗ ಹೋಯಿತು ಅಂತ ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ?" ಅಂತ. ಅವರ ಅಜ್ಜಿಗೆ ನೆನಪಿತ್ತು. ಅಜ್ಜಿ ಮದುವೆಯಾಗಿ ಆ ಮನೆಗೆ ಬಂದಾಗಲೇ ಮೂತಿ ಇರಲಿಲ್ಲವಂತೆ. ಪ್ರತಿ ವರ್ಷ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಆ ಬರಿ ಮರದ ತುದಿಯ ಪಕ್ಕದಲ್ಲೇ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುತ್ತಾ ಬಂದಿದ್ದಾರೆ. ಹೊಸ ಹಿತ್ತಾಳೆ ಮೂತಿ ಬಂದರೆ ಆ ಮನೆಯವರಿಗೆ ಅದು ಬೇರೆಯವರ ಕೋವಿಯಂತೆ ಕಾಣಬಹುದು.

ಹಾಗಂತ ಮರದ ತುದಿಯನ್ನು ಸೀಳಲು ಬಿಡಬಾರದು. ಮೂತಿ ಇಲ್ಲದಿದ್ದರೆ ಮರದ ತುದಿ ಬಾಯಿ ಬಿಡುತ್ತದೆ. ಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಇಂಥ ಕಡೆ ಒಳ್ಳೆಯದು. ಅಸಿಟೋನ್ ತಾಗಿಸಿದರೆ ಮತ್ತೆ ಕರಗಿ ಬರುತ್ತದೆ, ಶಾಶ್ವತ ಗಾಯ ಮಾಡುವುದಿಲ್ಲ. ಫೆವಿಕ್ವಿಕ್, ಅರಲ್ಡೈಟ್ ಬೇಡ. ಲೋಹಕ್ಕೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿದರೆ ಕೊಡಗಿನ ಮಳೆಗಾಲವನ್ನೂ ತಡೆಯುತ್ತದೆ. ವರ್ಷಕ್ಕೊಮ್ಮೆ ಪೂಜೆಗೆ ಇಳಿಸಿದಾಗ ಮತ್ತೆ ಸವರಿ. ಅವರು ಸದ್ಯಕ್ಕೆ ಹಾಗೇ ಬಿಟ್ಟಿದ್ದಾರೆ. ಮೊಮ್ಮಗ ಬೇಕು ಅಂದರೆ ನಾಗಮಂಗಲದ ದಾರಿ ಇದ್ದೇ ಇದೆ.

ಏನೇ ಮಾಡಿದರೂ ಗುರುತು ಹಾಕಿ

ಹೊಸ ಭಾಗದ ಒಳಮುಖದಲ್ಲಿ, ಹೊರಗೆ ಕಾಣದ ಕಡೆ, ಮಾಡಿದ ಇಸವಿಯನ್ನು ಕೊರೆಯಿರಿ. ಸ್ಕ್ರೂ ಆದರೆ ತಲೆಯ ಕೆಳಗೆ ಒಂದು ಚುಕ್ಕೆ. ಒಂದು ಚೀಟಿಯಲ್ಲಿ ಯಾವುದು ಹಳೆಯದು, ಯಾವುದು ಹೊಸದು, ಯಾರು ಮಾಡಿದ್ದು ಅಂತ ಬರೆದು ಕೋವಿಯ ಕಾಗದಗಳ ಜೊತೆ ಇಡಿ. ಹಳೇ ಕಾರ್ಖಾನೆಯ ಮುದ್ರೆಗಳನ್ನು ಮಾತ್ರ ಹೊಸ ಭಾಗದ ಮೇಲೆ ಒತ್ತಬೇಡಿ. ಮುಂದೆ ಕೊಳ್ಳುವವರಿಗೆ ಅದು ಮೋಸ. ಈಗಾಗಲೇ ಇಂಥ ಸುಳ್ಳು ಮುದ್ರೆಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಲೆಸ್ಟರ್‌ನ ಗೆಳೆಯರಿಗೆ ಸ್ಕ್ರೂಗಳನ್ನು ಲೇತ್‌ನಲ್ಲಿ ಮಾಡಿಸಿ ಅಂದೆ. ಬಳೆಗೆ ಏನೂ ಕೊಳ್ಳಬೇಡಿ, ಮೊದಲು ಲಾಕಿನ ಫೋಟೋ ಕಳಿಸಿ ಅಂದೆ. ಕಳಿಸಿದರು. ಕಿರೀಟದ ಗುರುತು, 1862, ಎನ್‌ಫೀಲ್ಡ್. ನನ್ನ ಕೋವಿಗೆ ಕೂರದೆ ಡ್ರಾಯರ್‌ನಲ್ಲಿ ಬಿದ್ದಿದ್ದ ಆ ಹಳೇ ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕಿದೆ. ಮೊನ್ನೆ ಸಂಜೆ ಅವರ ಫೋನ್ ಬಂತು. ಅರ ಮುಟ್ಟಿಸುವ ಕೆಲಸವೇ ಇರಲಿಲ್ಲವಂತೆ, ನಳಿಗೆಯ ಮೇಲೆ ಜಾರಿಸಿಕೊಂಡು ಹೋಗಿ ಹಳೇ ಗುರುತಿನ ಮೇಲೆಯೇ ನಿಂತಿತಂತೆ.